ಕೆಜಿಎಫ್ ಸೈನೈಡ್ ದಿಬ್ಬದಲ್ಲಿ ಸ್ಯಾಂಪಲ್ ತೆಗೆದ ನನ್ನ ಅನುಭವ

ಕೆಜಿಎಫ್‌ನಲ್ಲಿ ಫೀಲ್ಡ್‌ವರ್ಕ್ ಅಂದ್ರೆ ಎಲ್ರೂ ಕೇಳೋದು ಸೈನೈಡ್ ಭಯ ಆಗಲ್ವಾ ಅಂತ. ಗಣಿ ಮುಚ್ಚಿದ್ದು 2001ರಲ್ಲಿ, ಬಿಸಿಲು ಗಾಳಿಗೆ ಸಿಕ್ಕ ಸೈನೈಡ್ ಬಹುಪಾಲು ಯಾವತ್ತೋ ಒಡೆದು ಹೋಗಿರತ್ತೆ, ಕಬ್ಬಿಣಕ್ಕೆ ಅಂಟ್ಕೊಂಡಿದ್ದು ಸ್ವಲ್ಪ ಉಳಿದಿರಬಹುದು ಅಷ್ಟೆ. ನಾನು ಹುಡುಕ್ತಿದ್ದಿದ್ದು ಆರ್ಸೆನಿಕ್. ಚಿನ್ನದ ಅದಿರಲ್ಲಿ ಆರ್ಸೆನಿಕ್ ತುಂಬಿದ ಆರ್ಸೆನೋಪೈರೈಟ್, ಪಿರ್ರೋಟೈಟ್ ಥರದ ಸಲ್ಫೈಡ್‌ಗಳೂ (ಗಂಧಕ ಸೇರಿರೋ ಖನಿಜಗಳು) ಇರ್ತವೆ, ಕಲ್ಲನ್ನ ಹಿಟ್ಟು ಮಾಡಿ ಸೈನೈಡ್ ಹಾಕಿ ಚಿನ್ನ ತೆಗೆದು ಉಳಿದಿದ್ದನ್ನ ಈ ದಿಬ್ಬಗಳಿಗೆ ನೂರು ವರ್ಷ ಸುರಿದೂ ಸುರಿದೂ ಮೂರು ಕೋಟಿ ಟನ್ ದಾಟಿದೆ. ಬಂಡೆಯೊಳಗೆ ತೆಪ್ಪಗಿದ್ದ ಸಲ್ಫೈಡ್ ಪುಡಿಯಾಗಿ ಗಾಳಿ ನೀರಿಗೆ ಸಿಕ್ರೆ ಆಸಿಡ್ ಹುಟ್ಟೇ ಹುಟ್ಟತ್ತೆ, ಜತೆಗೆ ಅದರೊಳಗಿನ ಆರ್ಸೆನಿಕ್ಕೂ ನೀರಿಗೆ ಬಿಡತ್ತೆ.

ಇದ್ರಲ್ಲಿ ಜಾಗಕ್ಕಿಂತ ಟೈಮ್ ಮುಖ್ಯ ಅಂತ ನನ್ನ ಲೆಕ್ಕ. ಬೇಸಿಗೆ ಕೊನೇಲಿ ಹೋದ್ರೆ ಕೊರಕಲುಗಳ ಪಕ್ಕ ಬಿಳಿ, ಹಳದಿ ಹಕ್ಕಳೆ ಕಾಣ್ಸತ್ತೆ, ದಿಬ್ಬದೊಳಗಿನ ತೇವ ಮೇಲಕ್ಕೆ ಬಂದು ಆರಿ ಉಳಿದಿರೋ ಉಪ್ಪು ಅದು. ಪ್ಲಾಸ್ಟಿಕ್ ಚಮಚದಲ್ಲಿ ಮೆಲ್ಲಗೆ ಕೆರೆದು ತಕ್ಷಣ ಜಿಪ್‌ಲಾಕ್ ಮಾಡ್ಬೇಕು, ಇಲ್ಲಾಂದ್ರೆ ತೇವ ಎಳ್ಕೊಂಡು ಅಂಟಂಟಾಗತ್ತೆ. ಚಿಟಿಕೆಯಷ್ಟನ್ನ ಡಿಸ್ಟಿಲ್ಡ್ ವಾಟರ್‌ಗೆ ಹಾಕಿದ್ದೇ ತಡ ಪಿಎಚ್ ಮೀಟರ್ ಸರ್ರಂತ ಇಳೀತು, ಅಂದ್ರೆ ಆ ಉಪ್ಪಲ್ಲೇ ಆಸಿಡ್ ಇದೆ. ಮೊದಲ ಮಳೆಗೆ ಈ ಉಪ್ಪೆಲ್ಲ ಒಂದೇ ಸಲ ಕರಗಿ ಹಳ್ಳಕ್ಕಿಳಿಯತ್ತೆ, ಆಮೇಲಿನ ಮಳೆ ನೀರು ಎಷ್ಟೋ ವಾಸಿ. ಅದಕ್ಕೇ ಮಳೆಗೆ ಮುಂಚೇನೇ ಕೊರಕಲಲ್ಲಿ ಬಾಟಲಿ ಹೂತಿಟ್ಟು ಬಂದಿದ್ದೆ.

ನೀರಿಗೆ ಪಿಎಚ್ ಅಲ್ಲೇ ನೋಡ್ಬೇಕು, ಲ್ಯಾಬ್‌ಗೆ ಬರೋಷ್ಟ್ರಲ್ಲಿ ಬದಲಾಗತ್ತೆ. ಆಮೇಲೆ 0.45 ಮೈಕ್ರಾನ್ ಫಿಲ್ಟರ್, ಅದಾದ್ಮೇಲೇ ನೈಟ್ರಿಕ್ ಆಸಿಡ್ ಹನಿ, ಕರಗಿರೋದು ಕರಗಿದ ಹಂಗೇ ಉಳೀಲಿ ಅಂತ. ಉಲ್ಟಾ ಮಾಡಿದ್ರೆ ತೇಲ್ತಿರೋ ಮಣ್ಣಿನ ಕಣವೂ ಕರಗಿ ಆರ್ಸೆನಿಕ್ ನಂಬರ್ ಸುಮ್ಸುಮ್ನೆ ಏರ್ಕೊಳತ್ತೆ. ಸಲ್ಫೈಡ್ ಒಡೆದಾಗ ಬರೋ ಸಲ್ಫೇಟ್ ಅಳೆಯೋಕೆ ಆಸಿಡ್ ಹಾಕದ ಇನ್ನೊಂದು ಬಾಟಲಿ.

ದಿಬ್ಬದಿಂದ ದೂರ, ಗಾಳಿ ಬೀಸೋ ದಿಕ್ಕಿಗೆ ಎದುರು ಕಡೆ, ಅದೇ ಜಾತಿ ಕಲ್ಲಿನ ಮೇಲಿನ ಮಣ್ಣೂ ತಂದೆ. ಆ ಸೀಮೆ ಕಲ್ಲಲ್ಲಿ ಮೊದ್ಲಿಂದ್ಲೂ ಆರ್ಸೆನಿಕ್ ಇರತ್ತೆ, ಹಂಗಾಗಿ ದಿಬ್ಬದ್ದೆಷ್ಟು, ಕಲ್ಲಿನದ್ದೆಷ್ಟು ಅಂತ ಬೇರೆ ಮಾಡ್ದೆ ಮಾತಾಡೋದು ಬೊಗಳೆ.

ರಿಪೋರ್ಟ್‌ನಲ್ಲಿ ‘ಎಲ್ಲಾ ಸೇರ್ಸಿ ಸರಾಸರಿ ಹಾಕಿ ಸಾರ್’ ಅಂತ ಕೆಲವರು ಅಂದ್ರು, ನಾನು ಒಪ್ಲಿಲ್ಲ. ಕುಡಿಯೋ ನೀರಲ್ಲಿ ಆರ್ಸೆನಿಕ್‌ಗೆ ಲೀಟರ್‌ಗೆ 10 ಮೈಕ್ರೊಗ್ರಾಂ ಮಿತಿ ಇದೆಯಲ್ಲ, ಅದರ ಪಕ್ಕ ಮೊದಲ ಮಳೆಗೊಂದು ಕಾಲಂ, ಉಳಿದ ಮಳೆಗೊಂದು ಕಾಲಂ ಬೇರೆಬೇರೆ ಹಾಕಿಯೇ ಕೊಟ್ಟೆ.