ಎರಡು ಭಾಷೆಯ ಟೀವಿ ನೋಡುವವರಿಗೆ ಕೆಲವು ಉಪಾಯ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಅತ್ತೆಗೆ ಕನ್ನಡ ವಾರ್ತೆ ಬೇಕು, ಮಗನಿಗೆ ಮಲಯಾಳಂ. ರಿಮೋಟಿಗಾಗಿ ಅವರು ಜಗಳವಾಡಿದರೆ ಲಾಭ ನನಗೆ. ಒಂದೇ ಸುದ್ದಿಯನ್ನು ಎರಡೂ ಕಡೆ ನೋಡಬಹುದು. ಕಾಸರಗೋಡಿನವರಿಗೆ ಇದು ಪುಕ್ಕಟೆ ಸಿಕ್ಕಿದ ಅನುಕೂಲ. ಮೊದಲು ಇದನ್ನೇ ಬಳಸಿ.

2020ರ ಮಾರ್ಚ್‌ನಲ್ಲಿ ಕೋವಿಡ್ ಹೊತ್ತಿಗೆ ಕರ್ನಾಟಕ ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿತು. ನಾನು ನೋಡಿದ ಕನ್ನಡ ಚಾನೆಲ್‌ಗಳಲ್ಲಿ ಮಾತೆಲ್ಲ ಕಾಸರಗೋಡಿನಿಂದ ಬರುವ ಸೋಂಕಿನದ್ದು. ಮಲಯಾಳಂನಲ್ಲಿ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದ ರೋಗಿಗಳದ್ದು. ಎರಡೂ ಸುಳ್ಳಲ್ಲ, ಆದರೆ ಎರಡೂ ಅರ್ಧ. ಹೀಗಾದಾಗ ಇಬ್ಬರೂ ಒಪ್ಪುವ ಸಂಗತಿಯನ್ನು ಮಾತ್ರ ಹೆಕ್ಕಿಕೊಳ್ಳಿ. ರಸ್ತೆಗೆ ಮಣ್ಣು ಸುರಿದದ್ದು ನಿಜ. ತಡೆ ತೆಗೆಸಿ ಎಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಹೇಳಿದ್ದೂ ನಿಜ. ಉಳಿದದ್ದು ನಿರೂಪಕರ ಸಿಟ್ಟು. ಅದು ನಮಗೆ ಯಾಕೆ?

ಮಳೆಗಾಲದಲ್ಲಿ 'ಕೇರಳಕ್ಕೆ ರೆಡ್ ಅಲರ್ಟ್' ಎಂದು ಬಂದ ಕೂಡಲೇ ಬೆಂಗಳೂರಿನ ನೆಂಟರ ಫೋನ್ ಶುರು. ಯಾವ ಜಿಲ್ಲೆಗೆ ಎಂದು ಕೇಳಿ. ಅಲರ್ಟ್ ಜಿಲ್ಲಾವಾರು ಇರುತ್ತದೆ. 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆಯ ಸಾಧ್ಯತೆ ಇದ್ದರೆ ಕೆಂಪು, 115.6ರಿಂದ ಅಲ್ಲಿಯವರೆಗೆ ಕಿತ್ತಳೆ. ಹವಾಮಾನ ಇಲಾಖೆಯ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಕೊಚ್ಚಿಹೋಗುವ ಸೇತುವೆ ತೋರಿಸಿದರೆ ಮೂಲೆಯಲ್ಲಿ 'ಸಂಗ್ರಹ ಚಿತ್ರ' ಎಂದಿದೆಯಾ ನೋಡಿ.

ಅಡಿಕೆ ದರದ್ದು ಇನ್ನೊಂದು ಕಥೆ, ಮಾರಾಯ್ರೆ. ಟೀವಿಯಲ್ಲಿ 'ಅಡಿಕೆ ದರ ಕುಸಿತ' ಎಂದು ಓಡುವುದು ಎಷ್ಟೋ ಸಲ ಶಿವಮೊಗ್ಗದ ರಾಶಿ ಅಡಿಕೆಯ, ಅಂದರೆ ಬೇಯಿಸಿದ ಕೆಂಪಡಿಕೆಯ, ಕ್ವಿಂಟಲ್ ಲೆಕ್ಕ. ನಮ್ಮದು ಬಿಸಿಲಿಗೆ ಒಣಗಿಸಿದ ಚಾಲಿ, ಕಿಲೋ ಲೆಕ್ಕ. ಅದರಲ್ಲೂ ಹೊಸತು, ಹಳತು ಬೇರೆ ಬೇರೆ. ಹೆದರಿ ಮಾರುವ ಮೊದಲು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಅವತ್ತಿನ ದರ ನೋಡಿ.

'ಮೂಲಗಳ ಪ್ರಕಾರ' ಎಂದರೆ ಒಂದು ದಿನ ಕಾಯಿರಿ, ಸಾಕು. 2016ರ ನವೆಂಬರಿನಲ್ಲಿ 2000ದ ನೋಟಿನಲ್ಲಿ ಚಿಪ್ ಇದೆ ಎಂದು ಟೀವಿಯಲ್ಲೇ ವಿವರಿಸಿದರು. ರಿಸರ್ವ್ ಬ್ಯಾಂಕ್ ಕೊಟ್ಟ ವಿವರದಲ್ಲಿ ಚಿಪ್ಪಿನ ಸುದ್ದಿಯೇ ಇರಲಿಲ್ಲ.

ರಾತ್ರಿಯ ಚರ್ಚೆಯನ್ನು ಸುದ್ದಿಯ ಲೆಕ್ಕಕ್ಕೆ ಸೇರಿಸಬೇಡಿ. ಟಿಆರ್‌ಪಿಗಾಗಿ ಕೂಗುತ್ತಾರೆ ಎನ್ನುತ್ತಾರೆ ಅಲ್ವಾ? 2020ರ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್‌ಗಳ ರೇಟಿಂಗೇ ನಿಂತಿತ್ತು. ಕೂಗಾಟ ಕಮ್ಮಿಯಾದದ್ದು ನನಗಂತೂ ಕಾಣಲಿಲ್ಲ.

ತಪ್ಪು ಕಂಡರೆ ಸುಮ್ನೆ ಬೈದು ಮಲಗಬೇಡಿ. ಚಾನೆಲ್‌ಗೇ ಬರೆಯಿರಿ. ತಾರೀಕು, ಹೊತ್ತು, ಹೇಳಿದ ವಾಕ್ಯ ಮೂರೂ ಇರಲಿ. ಪರದೆಯ ಫೋಟೋ ಇದ್ದರೆ ಒಳ್ಳೆಯದು. 2021ರ ಕೇಬಲ್ ಟೀವಿ ನಿಯಮದಂತೆ ಅವರು 15 ದಿನದೊಳಗೆ ಉತ್ತರಿಸಬೇಕು. ಉತ್ತರ ಸರಿ ಕಾಣದಿದ್ದರೆ ಮತ್ತೆ 15 ದಿನದೊಳಗೆ ಆ ಚಾನೆಲ್ ಸದಸ್ಯವಾಗಿರುವ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹಾಕಬಹುದು.