ನನ್ನ ಪದ್ಮಿನಿಯ ಬ್ರೇಕ್: ಮುಂದೆಷ್ಟು, ಹಿಂದೆಷ್ಟು?

ಪುಣೆಗೆ ಬಂದ ಮೇಲೆ ಹಳೇ ಪ್ರೀಮಿಯರ್ ಪದ್ಮಿನಿ ಕಾರು ತೆಗೆದುಕೊಂಡೆ. ಮುಂಬೈನ ಕುರ್ಲಾದಲ್ಲಿ ತಯಾರಾದ ಗಾಡಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಗಿಬಿಎಸ್ ಏನೂ ಇಲ್ಲ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು. ಆದರೆ ಜೋರಾಗಿ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತಿತ್ತು.

ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ, ಅಲ್ವಾ? ಎಷ್ಟು ಅಂತ ಸುಮ್ನೆ ಲೆಕ್ಕ ಹಾಕಿದೆ. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ನಡುವೆ 2.34 ಮೀಟರ್. ತೂಕ 900 ಕಿಲೋ, ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲೆ ಅಂದುಕೊಂಡೆ. ಒಣ ರಸ್ತೆಯಲ್ಲಿ 0.7 ಜಿ (ಗುರುತ್ವದ ಹತ್ತರಲ್ಲಿ ಏಳು ಪಾಲು) ಲೆಕ್ಕದ ಗಟ್ಟಿ ಬ್ರೇಕಿಗೆ ಸುಮಾರು 135 ಕಿಲೋ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಹಗುರಾದ ಹಿಂದಿನ ಚಕ್ರಕ್ಕೆ ಹಿಡಿತ ಕಡಿಮೆ, ಬೇಗ ಲಾಕ್ ಆಗುತ್ತದೆ, ಅಂದರೆ ಸುತ್ತುವುದು ನಿಂತು ಜಾರುತ್ತದೆ. ಮುಂದಿನದು ಲಾಕ್ ಆದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ, ಆದರೂ ಗಾಡಿ ನೆಟ್ಟಗೆ ಹೋಗುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಗಾಡಿ ತಿರುಗಿಯೇ ಬಿಡಬಹುದು.

ನಾಲ್ಕೂ ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದೆ. ಭಾನುವಾರ ಬೆಳಿಗ್ಗೆ ಖಾಲಿ ಜಾಗದಲ್ಲಿ 40 ಕಿ.ಮೀ. ವೇಗದಿಂದ ಬ್ರೇಕ್ ಒತ್ತಿದೆ. ತಮ್ಮ ದೂರ ನಿಂತು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದ. ಮುಂದಿನ ಗೆರೆ ಇನ್ನೂ ಸುತ್ತುತ್ತಿದೆ, ಹಿಂದಿನದು ನಿಂತೇ ಬಿಟ್ಟಿದೆ!

ನಮ್ಮ ಮೆಕ್ಯಾನಿಕ್ ವಿಜಯಪುರದ ಕಡೆಯವರು. ಹಿಂದಿನ ಡ್ರಮ್ ಬಿಚ್ಚಿ ನೋಡಿದವರೇ, "ಸರ್ರ, ಇದು ಈ ಗಾಡೀದಲ್ರೀ. ಯಾರೋ ದೊಡ್ಡ ಸಿಲಿಂಡರ್ ಕೂಡ್ಸ್ಯಾರ" ಅಂದರು. ಗ್ಯಾರೇಜಿನಲ್ಲಿದ್ದ ಇನ್ನೊಂದು ಪದ್ಮಿನಿಯದನ್ನು ವರ್ನಿಯರ್‌ನಲ್ಲಿ ಅಳೆದು ಹೋಲಿಸಿದೆವು. ಅವರ ಮಾತೇ ನಿಜ. ಪೆಡಲ್ ಒತ್ತಿದಾಗ ಆಯಿಲ್ ಈ ಸಿಲಿಂಡರಿನೊಳಗಿನ ಪಿಸ್ಟನ್ ದೂಡುತ್ತದೆ, ಅದು ಬ್ರೇಕ್ ಶೂವನ್ನು ಡ್ರಮ್ಮಿಗೆ ಒತ್ತುತ್ತದೆ. ಆಯಿಲ್ ಒತ್ತಡ ಒಂದೇ ಇದ್ದರೂ ಶೂ ತಳ್ಳುವ ಬಲ ಪಿಸ್ಟನ್ನಿನ ಅಗಲದ ವರ್ಗದ ಮೇಲೆ ನಿಂತಿದೆ. 19 ಮಿ.ಮೀ. ಬದಲು 22 ಮಿ.ಮೀ. ಹಾಕಿದರೆ ನೋಡಲು ಮೂರೇ ಮಿ.ಮೀ., ಬಲ ಮಾತ್ರ ಮೂರನೇ ಒಂದು ಪಾಲು ಜಾಸ್ತಿ.

ಪುಣೆಯ ಹಳೇ ಸಾಮಾನಿನ ಸಂತೆ ಜುನಾ ಬಜಾರಿನಲ್ಲಿ ಹಳೇದು ಸಿಗಬಹುದಿತ್ತು. ಬ್ರೇಕಿಗೆ ಸೆಕೆಂಡ್ ಹ್ಯಾಂಡ್ ಮಾಲು ಬೇಡವೇ ಬೇಡ ಅಂತ ಸರಿಯಾದ ಅಳತೆಯ ಹೊಸದನ್ನೇ ಹುಡುಕಿ ಎರಡೂ ಕಡೆ ಹಾಕಿಸಿದೆ. ಈಗ ಮುಂದಿನದೇ ಮೊದಲು ಲಾಕ್ ಆಗುತ್ತದೆ.

ಮಳೆಗಾಲದಲ್ಲಿ ಅದು ಇನ್ನೂ ಬೇಗ ಆಗುತ್ತದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಅಷ್ಟು ಕಚ್ಚುವುದಿಲ್ಲ, ಭಾರವೂ ಅಷ್ಟು ಮುಂದಕ್ಕೆ ಬರುವುದಿಲ್ಲ. ಹಿಂದಿನದಕ್ಕೆ ಇನ್ನೊಂದಿಷ್ಟು ಕೆಲಸ ಕೊಡೋಣ ಅನ್ನಿಸುತ್ತದೆ. ಕೊಟ್ಟರೆ ಒಣ ರಸ್ತೆಯಲ್ಲಿ ಮತ್ತೆ ಅದೇ ಕಥೆ. ಹಾಗಾಗಿ ಮಳೆಯಲ್ಲಿ ಕಾತ್ರಜ್ ಘಾಟ್ ಇಳಿಯುವಾಗ ಮೊದಲೇ ಗೇರ್ ಇಳಿಸಿಕೊಳ್ಳುತ್ತೇನೆ. ದಿಢೀರನೆ ಅಲ್ಲ, ಎಂಜಿನ್ ಹಿಡಿತ ಬೀಳುವುದೂ ಹಿಂದಿನ ಚಕ್ರಕ್ಕೇ. ಸ್ಟಿಯರಿಂಗ್ ಹಗುರ ಅನ್ನಿಸಿದರೆ ಪೆಡಲ್ ಚೂರು ಬಿಟ್ಟು ಮತ್ತೆ ಒತ್ತುತ್ತೇನೆ.