ನನ್ನ ಬಯೋಡಾಟಾದಲ್ಲಿದ್ದ ಜಿಡಿಸಿ ನಂಬರ್

“ಜಿಡಿಸಿ ನೋಂದಣಿ ಸಂಖ್ಯೆ ಎಂದು ಬರೆದು ಮುಂದೆ ಬರೀ ಗೆರೆ ಎಳೆದಿದ್ದೀರಲ್ಲ, ನಮ್ಮ ಜಿಡಿಸಿಯಲ್ಲಿ ಏನಾದರೂ ಓದಿದ್ದೀರಾ?” ಎಂದು ನಾನು ಕೆಲಸ ಕೇಳಿಕೊಂಡು ಹೋಗಿದ್ದ ದಂತ ಕ್ಲಿನಿಕ್ಕಿನ ಡಾಕ್ಟರ್ ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಬಳ್ಳಾರಿಯಲ್ಲಿ ಜಿಡಿಸಿ ಎಂದರೆ ಸರ್ಕಾರಿ ದಂತ ವೈದ್ಯಕೀಯ ಕಾಲೇಜು. ಅದರ ಗೇಟಿನೊಳಗೆ ನಾನು ಹೋಗಿದ್ದು ಒಮ್ಮೆ ಮಾತ್ರ, ಅತ್ತೆಯ ದವಡೆ ಹಲ್ಲು ಕೀಳಿಸಲು. ಇಲ್ಲ ಎಂದೆ. ಅವರು ಹಾಳೆಯನ್ನು ಇನ್ನೊಮ್ಮೆ ನೋಡಿ, “ಮೇಲೆ ಡೆಂಟಲ್ ನರ್ಸ್ ಎಂದಿದೆ. ನರ್ಸಿಂಗ್ ಎಲ್ಲಿ ಮಾಡಿದಿರಿ?” ಎಂದರು. ಅದನ್ನೂ ಮಾಡಿರಲಿಲ್ಲ. ಪಿಯುಸಿ ಮುಗಿಸಿ ಮೂರು ವರ್ಷ ಜೀನ್ಸ್ ಹೊಲಿದು, ಆಮೇಲೆ ನಾಲ್ಕು ವರ್ಷ ಒಂದು ಸಣ್ಣ ದಂತ ಕ್ಲಿನಿಕ್ಕಿನಲ್ಲಿ ಕುರ್ಚಿಯ ಪಕ್ಕ ನಿಂತವಳು ನಾನು. ಮುಂದೆ ಅವರು ಏನೂ ಕೇಳಲಿಲ್ಲ. ತಿಳಿಸುತ್ತೇವೆ ಎಂದು ನಯವಾಗಿಯೇ ಹೇಳಿ ಹಾಳೆಯನ್ನು ಮಡಚಿಟ್ಟರು. ತಪ್ಪು ಅವರದಲ್ಲ.

ಆದದ್ದು ಇಷ್ಟು. ಕೌಲ್ ಬಜಾರಿನ ಒಂದು ಡಿಟಿಪಿ ಅಂಗಡಿಗೆ ಹೋಗಿದ್ದೆ. ಅಲ್ಲಿಯ ಹುಡುಗ “ಯಾವ ಕೆಲಸ ಅಕ್ಕಾ?” ಎಂದು ಕೇಳಿ, ಇಂಟರ್ನೆಟ್ಟಿನಲ್ಲಿ ಮಾದರಿ ಹುಡುಕಿ, ನನ್ನ ಹೆಸರು ವಿಳಾಸ ತುಂಬಿ, ಹತ್ತು ನಿಮಿಷದಲ್ಲಿ ಮೂರು ಪ್ರತಿ ಕೈಗಿಟ್ಟ. ಅವನು ಹುಡುಕಿದ ಮಾದರಿ ಇಂಗ್ಲೆಂಡಿನದು. ಅಲ್ಲಿ ಡೆಂಟಲ್ ನರ್ಸ್ ಎನ್ನುವುದು ಪ್ರತ್ಯೇಕ ವೃತ್ತಿ. ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸುವುದು 2008ರಿಂದ ಕಡ್ಡಾಯ. ಆ ಕೌನ್ಸಿಲ್‌ನ ಹ್ರಸ್ವರೂಪವೂ ಜಿಡಿಸಿಯೇ! ನಮ್ಮಲ್ಲಿ ನರ್ಸ್ ಎಂದರೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು. 1948ರ ದಂತವೈದ್ಯರ ಕಾಯ್ದೆ ವೈದ್ಯರ ಜೊತೆಗೆ ಹೆಸರಿಸಿದ್ದು ಹಲ್ಲು ಶುಚಿ ಮಾಡುವ ಡೆಂಟಲ್ ಹೈಜೀನಿಸ್ಟ್ ಮತ್ತು ಕಟ್ಟುಹಲ್ಲು ತಯಾರಿಸುವ ಡೆಂಟಲ್ ಮೆಕ್ಯಾನಿಕ್ ಇಬ್ಬರನ್ನೇ. ನಾನು ಮಾಡುವ ಕೆಲಸಕ್ಕೆ ಡೆಂಟಲ್ ಅಸಿಸ್ಟೆಂಟ್ ಎಂಬ ಹೆಸರೇ ಸರಿ. ರೋಗಿಗಳು ಸಿಸ್ಟರ್ ಎಂದು ಕೂಗಿದರೆ ಓಗೊಡುತ್ತೇನೆ, ಅದು ಬೇರೆ ಮಾತು. ಹಾಳೆಯ ಮೇಲೆ ಬರೆಯುವುದಿಲ್ಲ.

ಆ ಎರಡು ಪುಟದ ಬಯೋಡಾಟಾವನ್ನು ಮನೆಯಲ್ಲಿ ಕುಳಿತು ಮೊದಲ ಬಾರಿಗೆ ಪೂರ್ತಿ ಓದಿದೆ. ಬೆಳೆಯುತ್ತಿರುವ ಸಂಸ್ಥೆಯೊಂದರಲ್ಲಿ ಸವಾಲಿನ ಹುದ್ದೆ ಪಡೆಯುವುದು ನನ್ನ ಗುರಿಯಂತೆ. ಓದು ಮತ್ತು ಪ್ರವಾಸ ನನ್ನ ಹವ್ಯಾಸವಂತೆ. ಹಂಪಿ ಬಿಟ್ಟರೆ ಮಂತ್ರಾಲಯ, ನನ್ನ ಪ್ರವಾಸ ಅಷ್ಟೇ. ತಂದೆಯ ಹೆಸರು, ಧರ್ಮ, ಆಧಾರ್ ಸಂಖ್ಯೆ, ಮೇಲಿನದೆಲ್ಲ ಸತ್ಯವೆಂಬ ಪ್ರಮಾಣ, ಅದರ ಕೆಳಗೆ ಸಹಿ. ಇಷ್ಟೆಲ್ಲದರ ನಡುವೆ ನಾಲ್ಕು ವರ್ಷದ ದುಡಿಮೆಗೆ ಸಿಕ್ಕಿದ್ದು ಒಂದೇ ಸಾಲು: ‘ದಂತ ಕ್ಲಿನಿಕ್ಕಿನಲ್ಲಿ ನಾಲ್ಕು ವರ್ಷ ಅನುಭವ.’ ಹೊಟ್ಟೆ ಉರಿದದ್ದು ಅದಕ್ಕೆ.

ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಹಿಂದಿನ ಪುಟಗಳು ಖಾಲಿ ಇದ್ದವು. ಬೆಳಿಗ್ಗೆ ಬೀಗ ತೆಗೆದಲ್ಲಿಂದ ರಾತ್ರಿ ಬೀಗ ಹಾಕುವವರೆಗೆ ಏನೇನು ಮಾಡುತ್ತೇನೆ ಎಂದು ಕನ್ನಡದಲ್ಲೇ ಬರೆಯುತ್ತಾ ಹೋದೆ. ಇಂಗ್ಲಿಷಿನಲ್ಲಿ ಶುರು ಮಾಡಿದ್ದರೆ ಮತ್ತೆ ಅದೇ ಸವಾಲಿನ ಹುದ್ದೆ ಬರುತ್ತಿತ್ತು. ಕಂಪ್ರೆಸರ್ ಹಾಕುತ್ತೇನೆ. ಕುರ್ಚಿಯ ಪೈಪುಗಳಲ್ಲಿ ಎರಡು ನಿಮಿಷ ನೀರು ಹರಿಸುತ್ತೇನೆ. ಹಿಂದಿನ ದಿನ ಶುದ್ಧ ಮಾಡಿ ಸೀಲ್ ಮಾಡಿಟ್ಟ ಉಪಕರಣಗಳ ಪೌಚುಗಳನ್ನು ಎಣಿಸಿ ಇವತ್ತಿನ ರೋಗಿಗಳಿಗೆ ಸಾಲುತ್ತವೆಯೇ ನೋಡುತ್ತೇನೆ. ಹೀಗೆ ಬರೆದದ್ದು ಆರು ಪುಟವಾಯಿತು. ಎರಡನೆಯ ರಾತ್ರಿ ಪ್ರತಿ ಸಾಲಿನ ಪಕ್ಕದಲ್ಲಿ ಡಾಕ್ಟರ್ ಇದನ್ನು ಓದಿ ಏನು ಕೇಳಬಹುದು ಎಂದು ಬರೆದುಕೊಂಡೆ. ಜಿಡಿಸಿ ಪ್ರಸಂಗ ಕಲಿಸಿದ ಬುದ್ಧಿ ಅದು: ಹಾಳೆಯ ಮೇಲಿನ ಪ್ರತಿ ಸಾಲೂ ಒಂದು ಪ್ರಶ್ನೆಯನ್ನು ಕರೆದು ತರುತ್ತದೆ. ಬರುವ ಪ್ರಶ್ನೆ ನನಗೆ ಉತ್ತರ ಗೊತ್ತಿರುವಂಥದ್ದಾಗಿರಬೇಕು.

ಉದಾಹರಣೆಗೆ ಆಟೋಕ್ಲೇವ್, ಅಂದರೆ ಉಪಕರಣಗಳನ್ನು ಬಿಸಿ ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಯಂತ್ರ. ‘ಸ್ಟೆರಿಲೈಸೇಶನ್ ಗೊತ್ತು’ ಎಂದು ಎಲ್ಲರೂ ಬರೆಯುತ್ತಾರೆ. ನಾನು ಬರೆದದ್ದು: ‘ಉಪಕರಣಗಳನ್ನು ಉಜ್ಜಿ ತೊಳೆದು, ಒಣಗಿಸಿ, ಪೌಚಿನಲ್ಲಿ ಸೀಲ್ ಮಾಡಿ, ದಿನಕ್ಕೆ ಮೂರು ಸುತ್ತು ಆಟೋಕ್ಲೇವ್ ನಡೆಸುತ್ತೇನೆ, ಪ್ರತಿ ಸುತ್ತಿನ ವೇಳೆ, ಉಷ್ಣಾಂಶ, ಸೂಚಕ ಪಟ್ಟಿಯ ಬಣ್ಣ ರಿಜಿಸ್ಟರಿನಲ್ಲಿ ಬರೆಯುತ್ತೇನೆ.’ ಇದನ್ನು ಓದಿದವರು ಎಷ್ಟು ಡಿಗ್ರಿ, ಎಷ್ಟು ಒತ್ತಡ ಎಂದು ಕೇಳಿಯೇ ಕೇಳುತ್ತಾರೆ. ನಮ್ಮ ಯಂತ್ರದಲ್ಲಿ 121 ಡಿಗ್ರಿ, 15 ಪೌಂಡ್, 20 ನಿಮಿಷ. ಕೇಳಲಿ ಎಂದೇ ಬರೆದದ್ದು.

ರೂಟ್ ಕೆನಾಲ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕಿತ್ತು. ‘ರೂಟ್ ಕೆನಾಲ್ ಬರುತ್ತದೆ’ ಎಂದು ಬರೆದ ಅಸಿಸ್ಟೆಂಟನ್ನು ಯಾವ ಡಾಕ್ಟರೂ ಒಳಗೆ ಬಿಟ್ಟುಕೊಳ್ಳಬಾರದು. ನಾನು ಮಾಡುವುದು ಸಹಾಯ. ಹಲ್ಲಿನ ಬೇರಿನ ನಾಳ ಕೆರೆಯುವ ಸೂಜಿಯಂಥ ಫೈಲುಗಳನ್ನು ಅಳತೆಯ ಕ್ರಮದಲ್ಲಿ ಜೋಡಿಸಿಡುತ್ತೇನೆ: ಹದಿನೈದರದು ಬಿಳಿ, ಇಪ್ಪತ್ತು ಹಳದಿ, ಇಪ್ಪತ್ತೈದು ಕೆಂಪು, ಮೂವತ್ತು ನೀಲಿ, ಮೂವತ್ತೈದು ಹಸಿರು, ನಲವತ್ತು ಕಪ್ಪು. ಈ ಬಣ್ಣಗಳು ನನಗೆ ಒಂದೇ ದಿನದಲ್ಲಿ ಬಂದವು. ಮೂರು ವರ್ಷ ನೂಲಿನ ಉಂಡೆ ಜೋಡಿಸಿದ್ದವಳಿಗೆ ಅದೇನು ದೊಡ್ಡದು. ನಾಳ ತೊಳೆಯುವ ತೀಕ್ಷ್ಣ ದ್ರಾವಣವಾದ ಹೈಪೋಕ್ಲೋರೈಟ್ ತುಂಬಿದ ಸಿರಿಂಜಿಗೂ ಸಲೈನ್ ಸಿರಿಂಜಿಗೂ ಬೇರೆ ಬೇರೆ ಗುರುತು ಹಾಕಿಡುತ್ತೇನೆ. ಎರಡೂ ನೋಡಲು ನೀರಿನ ಹಾಗೆಯೇ ಇರುತ್ತವೆ, ಅದಲುಬದಲಾದರೆ ಅನಾಹುತ. ಈ ಗುರುತಿನ ಮಾತನ್ನು ಬರೆಯಬೇಕೋ ಬೇಡವೋ ಎಂದು ತುಂಬಾ ಯೋಚಿಸಿದ್ದೆ, ಸಣ್ಣದೆನಿಸಿತ್ತು. ಬರೆದೆ.

ಹಲ್ಲಿನ ಅಚ್ಚು ತೆಗೆಯುವ ಕೆಲಸದ ಬಗ್ಗೆ ಎರಡೇ ಸಾಲು: ಅಚ್ಚಿನ ಪುಡಿ ಆಲ್ಜಿನೇಟ್ ಕಲಸಿ ಟ್ರೇ ತುಂಬಿಸುವುದು, ಅಚ್ಚು ಕುಗ್ಗುವ ಮೊದಲೇ ಅದರೊಳಗೆ ಸ್ಟೋನ್ ಎಂಬ ಜಿಪ್ಸಮ್ ಹಿಟ್ಟು ಕಲಸಿ ಸುರಿಯುವುದು. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ನಲ್ಲಿಯ ನೀರು ಹಾಕಿ ಕಲಸಿದರೆ ಆಲ್ಜಿನೇಟ್ ಬಾಯಿಗೆ ಹೋಗುವ ಮೊದಲೇ ಬಟ್ಟಲಿನಲ್ಲಿ ಗಟ್ಟಿಯಾಗುತ್ತದೆ. ಫ್ರಿಜ್ಜಿನ ನೀರು ಬೇಕು. ಅದನ್ನೆಲ್ಲ ಹಾಳೆಯಲ್ಲಿ ಬರೆಯಲು ಜಾಗವಿಲ್ಲ, ಬಾಯಲ್ಲಿ ಹೇಳಲು ಇಟ್ಟುಕೊಂಡೆ.

ತ್ಯಾಜ್ಯದ ವಿಷಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಕಸ ಎತ್ತುವುದನ್ನು ಹೇಳಿಕೊಳ್ಳುವುದೇನು ಎಂದು. ಆದರೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಬಂದ ಮೇಲೆ ತಪಾಸಣೆಗೆ ಬಂದವರು ಮೊದಲು ನೋಡುವುದು ಬಣ್ಣದ ಡಬ್ಬಿಗಳನ್ನೇ. ಕಿತ್ತ ಹಲ್ಲು, ರಕ್ತದ ಹತ್ತಿ ಹಳದಿಗೆ. ಕೈಗವಸು, ಸಕ್ಷನ್ ಪೈಪು ಕೆಂಪಿಗೆ. ಸೂಜಿ, ಬ್ಲೇಡು ಬಿಳಿಯ ಗಟ್ಟಿ ಡಬ್ಬಿಗೆ. ಗಾಜಿನ ಸೀಸೆ ನೀಲಿಗೆ. ಇದನ್ನು ನಾನೇ ನೋಡಿಕೊಳ್ಳುತ್ತಿದ್ದೆ ಎಂದು ಬರೆದೆ.

ಹೆಪಟೈಟಿಸ್ ಬಿ ಲಸಿಕೆ ಬಗ್ಗೆ ಬರೆಯಲು ಹೊರಟಾಗ ಪೆನ್ನು ನಿಂತಿತು. ಮೊದಲನೆಯದು ಹಾಕಿಸಿಕೊಂಡು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ನಾನು ಎರಡು ಹಾಕಿಸಿಕೊಂಡು ಮೂರನೆಯದನ್ನು ಮರೆತೇಬಿಟ್ಟಿದ್ದೆ. ಆ ವಾರವೇ ಹೋಗಿ ಹಾಕಿಸಿಕೊಂಡು ಬಂದು ‘ಮೂರೂ ಡೋಸ್ ಪೂರ್ಣ’ ಎಂದು ಬರೆದೆ. ದಿನವಿಡೀ ಬೇರೆಯವರ ರಕ್ತ, ಎಂಜಲು ಮುಟ್ಟುವ ಕೆಲಸ ನಮ್ಮದು. ಈಗ ಕೆಲಸ ಕೇಳಿ ಬರುವವರ ಬಯೋಡಾಟಾಗಳು ನನ್ನ ಕೈಗೆ ಬಂದಾಗ ಅವುಗಳಲ್ಲಿ ನಾನು ಮೊದಲು ಹುಡುಕುವುದು ಈ ಸಾಲನ್ನೇ. ಹತ್ತರಲ್ಲಿ ಒಂಬತ್ತರಲ್ಲಿ ಇರುವುದಿಲ್ಲ.

ಭಾಷೆಯ ಕೆಳಗೆ ಡಿಟಿಪಿ ಹುಡುಗ ಕನ್ನಡ, ಹಿಂದಿ, ಇಂಗ್ಲಿಷ್ ಎಂದು ಹಾಕಿದ್ದ. ತೆಲುಗು ಬಿಟ್ಟುಬಿಟ್ಟಿದ್ದ! ಗಡಿಯಾಚೆಯ ಆಲೂರು, ಗುಂತಕಲ್, ರಾಯದುರ್ಗದ ಕಡೆಯಿಂದ ಬರುವ ರೋಗಿಗಳಿಗೆ ನಾನೇ ಬಾಯಿ. ಕೌಲ್ ಬಜಾರಿನಲ್ಲಿ ಬೆಳೆದ ಪುಣ್ಯಕ್ಕೆ ಉರ್ದುವೂ ಬರುತ್ತದೆ. ‘ತೆಲುಗು, ಉರ್ದು ಮಾತನಾಡಬಲ್ಲೆ’ ಎಂದಷ್ಟೇ ಬರೆದು ಹೊಡೆದುಹಾಕಿದೆ. ಆಮೇಲೆ ಬರೆದದ್ದು: ‘ಕನ್ನಡ, ತೆಲುಗು, ಉರ್ದುವಿನಲ್ಲಿ ರೋಗಿಯನ್ನು ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ಔಷಧದ ಅಲರ್ಜಿ ಕೇಳಿ ಕೇಸ್ ಪೇಪರಿನಲ್ಲಿ ಬರೆದುಕೊಳ್ಳುತ್ತೇನೆ.’ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಅಜ್ಜ ಹಲ್ಲು ಕೀಳಿಸಲು ಬಂದು ಮಾತ್ರೆಯ ಸುದ್ದಿಯನ್ನೇ ಎತ್ತದಿದ್ದರೆ ಏನಾಗಬಹುದೆಂದು ಡಾಕ್ಟರಿಗೆ ಬೇರೆ ಹೇಳಬೇಕಾಗಿಲ್ಲ.

ಜೀನ್ಸ್ ಹೊಲಿದ ಮೂರು ವರ್ಷವನ್ನು ಮೊದಲ ಬಯೋಡಾಟಾದಲ್ಲಿ ಮುಚ್ಚಿಟ್ಟಿದ್ದೆ. ನಾಚಿಕೆ. ಆದರೆ ಪಿಯುಸಿ ಮುಗಿದ ವರ್ಷಕ್ಕೂ ಕ್ಲಿನಿಕ್ ಸೇರಿದ ವರ್ಷಕ್ಕೂ ನಡುವೆ ಮೂರು ವರ್ಷ ಖಾಲಿ ಬಿದ್ದಿದ್ದರೆ ಓದುವವರ ಕಣ್ಣು ಅಲ್ಲಿಗೇ ಹೋಗುತ್ತದೆ, ಮುರಿದ ಹಲ್ಲಿಗೆ ನಾಲಗೆ ಹೋದ ಹಾಗೆ. ಎರಡನೆಯ ಸಲ ಬರೆದೆ: ‘ಜೀನ್ಸ್ ಹೊಲಿಗೆ ಘಟಕ, ಮೂರು ವರ್ಷ. ಝಿಪ್ ಕೂರಿಸುವುದು, ಸಿದ್ಧ ಉಡುಪಿನ ತಪಾಸಣೆ.’ ನಾನಿದ್ದ ಘಟಕದಲ್ಲಿ ಯಂತ್ರದ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ಕಾಗದಕ್ಕೆ ಅಂಟಿಸಿ ತೋರಿಸುವವರೆಗೆ ಹೊಸ ಸೂಜಿ ಕೊಡುತ್ತಿರಲಿಲ್ಲ. ಒಂದು ಚೂರು ಸಿಗದಿದ್ದರೆ ಇಡೀ ಬಂಡಲ್ ಬಿಚ್ಚಬೇಕು. ಎಷ್ಟು ಬೈದುಕೊಂಡಿದ್ದೇನೋ ಆಗ. ಕ್ಲಿನಿಕ್ಕಿನಲ್ಲಿ ಟ್ರೇ ಎತ್ತುವ ಮೊದಲು ಸೂಜಿ ಎಣಿಸುವ ಚಾಳಿ ನನಗೆ ಬಂದದ್ದು ಅಲ್ಲಿಂದಲೇ.

ಬಿಟ್ಟದ್ದೂ ಇದೆ. ಕುರ್ಚಿಯ ಪಕ್ಕದ ಎಕ್ಸ್‌ರೇಯಲ್ಲಿ ಸೆನ್ಸರ್‌ಗೆ ಕವರ್ ಹಾಕಿ ಕೊಡುವುದು, ರೋಗಿಗೆ ಸೀಸದ ಏಪ್ರನ್ ತೊಡಿಸುವುದು ನನ್ನ ಕೆಲಸವಾಗಿತ್ತು. ‘ಎಕ್ಸ್‌ರೇ ತೆಗೆಯುತ್ತೇನೆ’ ಎಂದು ಬರೆಯಲು ಕೈ ತುರಿಸಿತು, ಬರೆಯಲಿಲ್ಲ. ಸಂಬಳದ ಮಾತೂ ಹಾಳೆಯಲ್ಲಿ ಬೇಡ. ಹಳೆಯ ಕ್ಲಿನಿಕ್ ಬಿಟ್ಟ ಕಾರಣವೂ ಬೇಡ, ಕೇಳಿದರೆ ಒಂದೇ ಮಾತಿನಲ್ಲಿ ಹೇಳಿದರಾಯಿತು. ಅಲ್ಲಿ ಅನುಭವ ಪತ್ರ ಕೊಡಲು ಒಂದು ತಿಂಗಳು ಸತಾಯಿಸಿದರು. ಕೊನೆಗೆ ನಾನೇ ನಾಲ್ಕು ಸಾಲು ಬರೆದುಕೊಂಡು ಹೋಗಿ ಲೆಟರ್‌ಹೆಡ್ಡಿನ ಮೇಲೆ ಸಹಿ ಹಾಕಿಸಿಕೊಂಡೆ. ಯಾರಾದರೂ ವಿಚಾರಿಸಿದರೆ ನಿಮ್ಮ ನಂಬರ್ ಕೊಡಬಹುದೇ ಎಂದು ಅದೇ ಹೊತ್ತಿಗೆ ಕೇಳಿಯೂ ಬಿಟ್ಟೆ. ಹೇಳದೆ ಕೊಟ್ಟರೆ ಫೋನ್ ಹೋದಾಗ ಅವರಿಗೆ ರೇಗುತ್ತದೆ, ಪೆಟ್ಟು ಬೀಳುವುದು ನಮಗೆ.

ಎಲ್ಲ ಸೇರಿ ಒಂದೇ ಪುಟವಾಯಿತು. ಅದೇ ಡಿಟಿಪಿ ಅಂಗಡಿಗೆ ಹೋಗಿ, ಈ ಸಲ ಹುಡುಗನ ಪಕ್ಕದಲ್ಲೇ ಕುಳಿತು, ಇಂಗ್ಲಿಷಿನಲ್ಲೊಂದು ಕನ್ನಡದಲ್ಲೊಂದು ಮಾಡಿಸಿದೆ. ಆಗಲೂ ಒಂದು ಎಡವಟ್ಟಾಯಿತು. ಕನ್ನಡದ್ದನ್ನು ಅವನು ನುಡಿ ತಂತ್ರಾಂಶದ ಅಕ್ಷರದಲ್ಲಿ ಹೊಡೆದು ವರ್ಡ್ ಫೈಲನ್ನೇ ವಾಟ್ಸಾಪಿಗೆ ಕಳಿಸಿದ. ನನ್ನ ಮೊಬೈಲಿನಲ್ಲಿ ತೆರೆದರೆ ಕಾಗೆ ಕಾಲು ಗುಬ್ಬಿ ಕಾಲು, ಒಂದಕ್ಷರವೂ ಕನ್ನಡವಿಲ್ಲ. ಪಿಡಿಎಫ್ ಮಾಡಿಸಿದ ಮೇಲೆ ಸರಿಹೋಯಿತು. ಫೈಲಿಗೆ ಅವನು ‘ಫೈನಲ್ ಹೊಸದು 2’ ಎಂದು ಹೆಸರಿಟ್ಟಿದ್ದ. ಅದನ್ನು ತೆಗೆಸಿ ನನ್ನ ಹೆಸರು, ಡೆಂಟಲ್ ಅಸಿಸ್ಟೆಂಟ್ ಎಂದು ಇಡಿಸಿದೆ. ಮೊದಲು ನನಗೇ ಕಳಿಸಿಕೊಂಡು, ತಂಗಿಯ ಫೋನಿನಲ್ಲೂ ತೆರೆದು ನೋಡಿ, ಆಮೇಲೆ ಎರಡು ಕ್ಲಿನಿಕ್ಕುಗಳಿಗೆ ಕಳಿಸಿದೆ.

ಗಾಂಧಿನಗರದ ಕಡೆಯ ಕ್ಲಿನಿಕ್ಕೊಂದರಿಂದ ಮೂರನೆಯ ದಿನ ಕರೆ ಬಂತು. ಅಲ್ಲಿಯ ಮೇಡಂ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಎರಡು ಕಡೆ ಗೆರೆ ಎಳೆದಿಟ್ಟಿದ್ದರು, ಆಟೋಕ್ಲೇವ್ ಸಾಲಿಗೊಂದು, ಜೀನ್ಸ್ ಸಾಲಿಗೊಂದು.

“ಹದಿನೈದನೆಯ ನಿಮಿಷಕ್ಕೆ ಕರೆಂಟ್ ಹೋಯಿತು, ಹತ್ತು ನಿಮಿಷದ ಮೇಲೆ ಬಂತು. ಉಳಿದ ಐದು ನಿಮಿಷ ಓಡಿಸುತ್ತೀರಾ?”

“ಇಲ್ಲ ಮೇಡಂ. ಮೊದಲಿನಿಂದ ಪೂರ್ತಿ ಇಪ್ಪತ್ತು ನಿಮಿಷ. ರಿಜಿಸ್ಟರಿನಲ್ಲಿ ಅದನ್ನೂ ಬರೆಯುತ್ತೇನೆ.”

“ಹೊರಗೆ ಐದು ಜನ ಕಾಯುತ್ತಿದ್ದಾರೆ.”

“ಕಾಯಲಿ ಮೇಡಂ.”

ಅವರು ನಕ್ಕರು. ಜೀನ್ಸ್ ಸಾಲಿಗೆ ಬಂದಾಗ ಸೂಜಿಯ ಕತೆ ಹೇಳಿದೆ. ಕೇಳಿಸಿಕೊಳ್ಳುತ್ತಲೇ ಎದ್ದು ಹೋಗಿ ಒಂದು ಟ್ರೇ ತಂದು ಮುಂದಿಟ್ಟು, ಕೆಳಗಿನ ಎಡಗಡೆ ಆರನೆಯ ಹಲ್ಲು ಕೀಳಲು ಬೇಕಾದದ್ದನ್ನು ಜೋಡಿಸಿ ಎಂದರು. ದಂತವೈದ್ಯರ ಎಣಿಕೆಯಲ್ಲಿ ಆ ಹಲ್ಲಿನ ಸಂಖ್ಯೆ ಮೂವತ್ತಾರು; ಹಾಗೆಂದು ಬಾಯಲ್ಲಿ ಅಂದುಕೊಂಡು ಜೋಡಿಸಿದೆ. ಹಲ್ಲು ಸಡಿಲಿಸುವ ಎಲಿವೇಟರ್ ಒಂದನ್ನು ಉಲ್ಟಾ ಇಟ್ಟಿದ್ದೆ, ಅವರೇ ತಿರುಗಿಸಿದರು. ನಾಳೆ ಒಂಬತ್ತೂವರೆಗೆ ಬನ್ನಿ ಎಂದು ಹೇಳಿ, ನನ್ನ ಚಪ್ಪಲಿ ನೋಡಿ, ಬೆರಳು ಮುಚ್ಚುವ ಶೂ ಹಾಕಿಕೊಂಡು ಬನ್ನಿ ಎಂದು ಸೇರಿಸಿದರು. ಆ ಸಂಜೆ ಮನೆಗೆ ಹೋಗುವ ಮೊದಲು ಬೆಂಗಳೂರು ರಸ್ತೆಯಲ್ಲಿ ಇಳಿದು ಮುನ್ನೂರು ರೂಪಾಯಿಗೆ ಒಂದು ಜೊತೆ ಕೊಂಡೆ.